ಹೊಸ ಮೇಷ್ಟ್ರುಗಳ ಪರಿಚಯ: ಬಯೋಡೇಟಾ ಬದಿಗಿಟ್ಟು ಒಂದಿಷ್ಟು ಮಾತು

(ವಿಶ್ವವಿದ್ಯಾಲಯದ ಮಾನವಿಕ ಮತ್ತು ಸಮಾಜವಿಜ್ಞಾನ ವಿಭಾಗಗಳಿಗೆ ಹೊಸದಾಗಿ ಸೇರಿದ ಅಧ್ಯಾಪಕರನ್ನು ಬರಮಾಡಿಕೊಂಡ ಸಭೆಯಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಒಪ್ಪ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ಕೆಲಸ ಸಣ್ಣದು. ವೇದಿಕೆ ಮೇಲೆ ಕೂತಿರುವ ಹೊಸ ಅಧ್ಯಾಪಕರನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಇಂಥ ಪರಿಚಯ ಹೇಗೆ ನಡೆಯುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಹೆಸರು, ಎಂಎ ಎಲ್ಲಿ, ಪಿಎಚ್‌ಡಿ ಎಲ್ಲಿ, ಎಷ್ಟು ಲೇಖನ, ಎಷ್ಟು ವಿಚಾರ ಸಂಕಿರಣ. ಒಬ್ಬರದ್ದು ಮುಗಿದರೆ ಚಪ್ಪಾಳೆ. ಮೂರನೆಯವರ ಸರದಿ ಬರುವ ಹೊತ್ತಿಗೆ ಹಿಂದಿನ ಸಾಲಿನವರು ಮೊಬೈಲ್ ತೆಗೆದಿರುತ್ತಾರೆ. ಸಭೆ ಮುಗಿದು ಆಚೆ ಹೋಗುವಾಗ ಇತಿಹಾಸದವರು ಯಾರು, ಅರ್ಥಶಾಸ್ತ್ರದವರು ಯಾರು ಅನ್ನುವುದೂ ನೆನಪಿರುವುದಿಲ್ಲ.

ಇವರ ಬಯೋಡೇಟಾ ನಿಮ್ಮ ಕೈಯಲ್ಲಿರುವ ಹಾಳೆಯಲ್ಲೇ ಇದೆ. ಓದಿಕೊಳ್ಳಿ. ನಾನು ಬೇರೆ ದಾರಿ ಹಿಡಿಯುತ್ತೇನೆ. ಹಿಂದೆ ಎಲ್ಲೆಲ್ಲೋ ಹೀಗೇ ಹೊಸದಾಗಿ ಕೆಲಸಕ್ಕೆ ಸೇರಿದ ಕೆಲವರ ಕಥೆ ಹೇಳುತ್ತೇನೆ. ಇವತ್ತು ಅವರದ್ದು ದೊಡ್ಡ ಹೆಸರು. ಸೇರಿದ ದಿನ ಹಾಗಿರಲಿಲ್ಲ. ಅವರನ್ನು ಸೇರಿಸಿಕೊಂಡ ವಿಶ್ವವಿದ್ಯಾಲಯಗಳಿಗೇ ತಮ್ಮ ಮನೆಗೆ ಯಾರು ಬಂದಿದ್ದಾರೆ ಅನ್ನುವುದು ಗೊತ್ತಿರಲಿಲ್ಲ. ಈ ವಿಷಯಗಳಲ್ಲಿ ಅದು ಗೊತ್ತಾಗುವುದಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಇವರಿಗೆ ಕೊಡುತ್ತೇವಾ ಇಲ್ಲವಾ ಅನ್ನುವುದೇ ಇವತ್ತಿನ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ.

ಮೊದಲು, ಪರಿಚಯವನ್ನೇ ಮಾಡಿಕೊಡದ ಒಬ್ಬರ ಕಥೆ.

1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸಮಾಜಶಾಸ್ತ್ರದ ಕೆಲಸಕ್ಕೆ ಡಬ್ಲ್ಯು. ಇ. ಬಿ. ಡು ಬಾಯ್ಸ್ ಅನ್ನುವವರನ್ನು ಕರೆಸಿಕೊಂಡಿತು. ಅವರಿಗೆ ಆಗ 28 ವರ್ಷ. ಹಿಂದಿನ ವರ್ಷವಷ್ಟೇ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮುಗಿಸಿದ್ದರು. ಅಲ್ಲಿ ಪಿಎಚ್‌ಡಿ ಪಡೆದ ಮೊದಲ ಕಪ್ಪು ಅಮೆರಿಕನ್ ಅವರೇ. ಅದಕ್ಕೂ ಮುಂಚೆ ಬರ್ಲಿನ್‌ನಲ್ಲೂ ಓದಿ ಬಂದಿದ್ದರು. ಇಷ್ಟೆಲ್ಲ ಇದ್ದವರಿಗೆ ಸಿಕ್ಕಿದ್ದು ಸಹಾಯಕ ಬೋಧಕ ಅನ್ನುವ ಹೆಸರಿನ ತಾತ್ಕಾಲಿಕ ಕೆಲಸ. ಪಾಠ ಮಾಡುವುದಕ್ಕೆ ತರಗತಿ ಕೊಡಲಿಲ್ಲ. ವಿಶ್ವವಿದ್ಯಾಲಯ ಅಚ್ಚು ಹಾಕಿಸುತ್ತಿದ್ದ ಅಧ್ಯಾಪಕರ ಪಟ್ಟಿಯಲ್ಲಿ ಅವರ ಹೆಸರನ್ನೇ ಬಿಟ್ಟರು. ಕಾರಣ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಅವರಿಗೆ ವಹಿಸಿದ್ದು ಫಿಲಡೆಲ್ಫಿಯಾ ನಗರದ ಏಳನೇ ವಾರ್ಡಿನ ಅಧ್ಯಯನ. ಕಪ್ಪು ಜನ ಜಾಸ್ತಿ ಇದ್ದ ವಾರ್ಡು ಅದು. ನಗರ ಕೆಟ್ಟಿದೆ, ಕೆಟ್ಟಿರುವುದು ಈ ಜನರಿಂದಲೇ ಅಂತ ಊರಿನ ದೊಡ್ಡವರು ಮೊದಲೇ ತೀರ್ಮಾನ ಮಾಡಿಕೊಂಡಿದ್ದರು. ಒಬ್ಬ ವಿದ್ವಾಂಸ ಬಂದು ಅದಕ್ಕೆ ಮುದ್ರೆ ಒತ್ತಿದರೆ ಸಾಕಿತ್ತು. ಡು ಬಾಯ್ಸ್ ಹೊಸದಾಗಿ ಮದುವೆಯಾಗಿದ್ದರು. ಹೆಂಡತಿ ಜೊತೆ ಅದೇ ವಾರ್ಡಿನಲ್ಲಿ ಒಂದು ಕೋಣೆ ಹಿಡಿದರು. ಪ್ರಶ್ನೆಗಳ ಪಟ್ಟಿ ಕೈಯಲ್ಲಿ ಹಿಡಿದು ತಾವೇ ಮನೆ ಮನೆ ತಿರುಗಿದರು. ಸುಮಾರು 2,500 ಮನೆ. ಮನೆಯಲ್ಲಿ ಎಷ್ಟು ಜನ, ಎಲ್ಲಿಂದ ಬಂದವರು, ಏನು ಕೆಲಸ, ಬಾಡಿಗೆ ಎಷ್ಟು, ಓದು ಎಷ್ಟು. ಆಮೇಲೆ ವಾರ್ಡಿನ ನಕ್ಷೆ ಮಾಡಿ ಒಂದೊಂದು ಮನೆಗೂ ಅಲ್ಲಿರುವವರ ಸ್ಥಿತಿಗತಿಗೆ ತಕ್ಕಂತೆ ಗುರುತು ಹಾಕಿದರು.

ಆ ನಕ್ಷೆ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಹೊರಗಿನವರು "ಆ ಜನ" ಅಂತ ಒಟ್ಟು ಮಾಡಿ ಮಾತಾಡುತ್ತಿದ್ದ ಒಂದೇ ಬೀದಿಯಲ್ಲಿ ಅನುಕೂಲಸ್ಥರಿದ್ದಾರೆ, ದುಡಿದು ತಿನ್ನುವವರಿದ್ದಾರೆ, ತೀರಾ ಬಡವರಿದ್ದಾರೆ, ಕಳ್ಳತನ ಮಾಡುವವರೂ ಇದ್ದಾರೆ. ಬಡತನಕ್ಕೂ ಅಪರಾಧಕ್ಕೂ ಕಾರಣ ರಕ್ತದಲ್ಲಿಲ್ಲ. ಕೆಲಸ ಕೊಡದ ಕಾರ್ಖಾನೆಯಲ್ಲಿ, ಜಾಸ್ತಿ ಬಾಡಿಗೆ ಕೀಳುವ ಮಾಲೀಕರಲ್ಲಿ, ಹಿಂದಿನ ಗುಲಾಮಗಿರಿಯ ಚರಿತ್ರೆಯಲ್ಲಿ ಇದೆ ಅಂತ ಅವರು ಲೆಕ್ಕ ಸಮೇತ ತೋರಿಸಿದರು. 1899ರಲ್ಲಿ ಅದು ಪುಸ್ತಕವಾಗಿ ಬಂತು. ನಗರವೊಂದನ್ನು ಹೀಗೆ ಬೀದಿ ಬೀದಿ ಹಿಡಿದು ಅಧ್ಯಯನ ಮಾಡುವವರು ಇವತ್ತಿಗೂ ಅದರ ಹತ್ತಿರ ಹೋಗಲೇಬೇಕು. ಅಷ್ಟರಲ್ಲಿ ಡು ಬಾಯ್ಸ್ ಅಟ್ಲಾಂಟಾಗೆ ಹೋಗಿ ಆಗಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರಿಗೆ ಗೌರವ ಪ್ರಾಧ್ಯಾಪಕ ಪದವಿ ಕೊಟ್ಟಿದ್ದು 2012ರಲ್ಲಿ. ಅವರು 1963ರಲ್ಲೇ ತೀರಿಕೊಂಡಿದ್ದರು.

ಇದಕ್ಕೆ ಪೂರ್ತಿ ಉಲ್ಟಾ ಒಂದು ಪ್ರಸಂಗ ಇದೆ. ಜರ್ಮನಿಯ ಯೇನಾ ವಿಶ್ವವಿದ್ಯಾಲಯ, 1789ರ ಮೇ 26. ಕವಿ, ನಾಟಕಕಾರ ಫ್ರೆಡ್ರಿಕ್ ಶಿಲ್ಲರ್ ಅಲ್ಲಿ ಹೊಸ ಮೇಷ್ಟ್ರು. ಅವರ ಮೊದಲ ಉಪನ್ಯಾಸ ಇತಿಹಾಸವನ್ನು ಯಾಕೆ ಓದಬೇಕು ಅನ್ನುವುದರ ಬಗ್ಗೆ. ಗೊತ್ತು ಮಾಡಿದ್ದ ಕೋಣೆ ತುಂಬಿ, ಮೆಟ್ಟಿಲು ತುಂಬಿ, ಜನ ಬೀದಿಗೆ ಬಂದರು. ಇನ್ನೂ ದೊಡ್ಡ ಹಜಾರಕ್ಕೆ ಹೋಗೋಣ ಅಂತ ಯಾರೋ ಅಂದರು. ಸರಿ, ಎಲ್ಲರೂ ಜಾಗ ಹಿಡಿಯೋಣ ಅಂತ ಬೀದಿಯಲ್ಲಿ ಎದ್ದುಬಿದ್ದು ಓಡಿದರು. ಎಲ್ಲೋ ಬೆಂಕಿ ಬಿದ್ದಿದೆ ಅಂತ ಊರಿನವರು ಗಾಬರಿಯಾದರು ಅಂತ ಶಿಲ್ಲರ್ ತಮ್ಮ ಗೆಳೆಯನಿಗೆ ಕಾಗದ ಬರೆದಿದ್ದಾರೆ. ಇತಿಹಾಸದ ಪಾಠಕ್ಕೆ ಇಷ್ಟು ನೂಕುನುಗ್ಗಲು! ನಮ್ಮ ಇತಿಹಾಸದವರು ಈಗ ಆಸೆಯಿಂದ ನೋಡುತ್ತಿದ್ದಾರೆ.

ಆ ದಿನ ಶಿಲ್ಲರ್ ಎರಡು ಥರದ ಓದುಗರ ಬಗ್ಗೆ ಹೇಳಿದರು. ಒಬ್ಬ ಹೊಟ್ಟೆಪಾಡಿನ ವಿದ್ವಾಂಸ. ಕೆಲಸ, ಸಂಬಳ, ಹೆಸರು ಎಷ್ಟು ಕೇಳುತ್ತವೋ ಅಷ್ಟು ಮಾತ್ರ ಓದುತ್ತಾನೆ. ತನ್ನ ವಿಷಯದಲ್ಲಿ ಹೊಸದು ಏನಾದರೂ ಬಂದರೆ ಕಂಗಾಲಾಗುತ್ತಾನೆ, ಯಾಕೆಂದರೆ ಕಲಿತಿದ್ದೆಲ್ಲ ಹಳೆಯದಾಗಿ ಹೋಗುತ್ತದೆ. ಇನ್ನೊಬ್ಬನಿಗೆ ಹೊಸದು ಬಂದರೆ ಖುಷಿ. ಮಾತು ಚೆನ್ನಾಗಿದೆ. ಆದರೆ ಒಂದು ತಮಾಷೆ ಏನು ಗೊತ್ತಾ? ಹೀಗೆ ಹೇಳಿದ ಶಿಲ್ಲರ್‌ಗೆ ಆ ಹುದ್ದೆಯಲ್ಲಿ ಸಂಬಳವೇ ಇರಲಿಲ್ಲ. ಸಾಲದ್ದಕ್ಕೆ, ಭಾಷಣ ಅಚ್ಚಾದಾಗ ಅದರ ಮೇಲೆ ಇತಿಹಾಸದ ಪ್ರಾಧ್ಯಾಪಕ ಅಂತ ಹಾಕಿಕೊಂಡರು ಅಂತ ಅಲ್ಲಿಯ ಇತಿಹಾಸದ ಪ್ರಾಧ್ಯಾಪಕರು ತಕರಾರು ತೆಗೆದರು. ಶಿಲ್ಲರ್ ಹುದ್ದೆ ತತ್ವಶಾಸ್ತ್ರದ ಲೆಕ್ಕದಲ್ಲಿತ್ತಂತೆ! ವಿಭಾಗಗಳ ಜಗಳ ನಮ್ಮ ಕಾಲದ್ದು ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ತತ್ವಶಾಸ್ತ್ರ ಅಂದ ಮೇಲೆ ಕಾಂಟ್ ಹೆಸರು ಬರಲೇಬೇಕು. ಇಮ್ಯಾನುಯೆಲ್ ಕಾಂಟ್ 1755ರಲ್ಲಿ ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ ಪಾಠ ಶುರು ಮಾಡಿದರು. 15 ವರ್ಷ ಬಹುಮಟ್ಟಿಗೆ ವಿದ್ಯಾರ್ಥಿಗಳು ಕೊಡುವ ಶುಲ್ಕದಲ್ಲೇ ಜೀವನ. ತರ್ಕ, ಗಣಿತ, ತತ್ವಶಾಸ್ತ್ರ ಎಲ್ಲ ಹೇಳಿಕೊಟ್ಟರು. ತಮ್ಮ ಸೀಮೆ ಬಿಟ್ಟು ದೂರ ಹೋಗದ ಈ ಮನುಷ್ಯ ಭೂಗೋಳವನ್ನೂ ಪಾಠ ಮಾಡುತ್ತಿದ್ದರು. 1770ರಲ್ಲಿ ಕೊನೆಗೂ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಆಮೇಲೆ ಏನಾಯಿತು? ಸುಮಾರು ಹತ್ತು ವರ್ಷ ಹೇಳಿಕೊಳ್ಳುವಂಥದ್ದು ಏನನ್ನೂ ಪ್ರಕಟಿಸಲಿಲ್ಲ. 1781ರಲ್ಲಿ, 57ನೇ ವಯಸ್ಸಿನಲ್ಲಿ, ತತ್ವಶಾಸ್ತ್ರದ ದಿಕ್ಕನ್ನೇ ಬದಲಿಸಿದ ಗ್ರಂಥ ಹೊರಬಂತು. ಈಗಿನ ವಾರ್ಷಿಕ ಮೌಲ್ಯಮಾಪನದ ಫಾರಂ ಅವರಿಗೆ ಕೊಟ್ಟಿದ್ದರೆ ಪ್ರತಿ ವರ್ಷ ಪ್ರಕಟಣೆಯ ಕಾಲಂ ಖಾಲಿ. 1775ರ ಹೊತ್ತಿಗೆ ನೋಟಿಸ್ ಹೋಗಿರುತ್ತಿತ್ತು.

ಇನ್ನೊಬ್ಬರು ಇದ್ದಾರೆ, ಭಾಷಾಶಾಸ್ತ್ರದ ಫರ್ಡಿನಾಂಡ್ ಡಿ ಸೊಸ್ಯೂರ್. 21ನೇ ವಯಸ್ಸಿಗೆ ಸಂಸ್ಕೃತ, ಗ್ರೀಕ್ ಸೇರಿದ ಇಂಡೋ-ಯುರೋಪಿಯನ್ ಭಾಷೆಗಳ ಸ್ವರಗಳ ಬಗ್ಗೆ ಪುಸ್ತಕ ಬರೆದು ವಿದ್ವಾಂಸರನ್ನು ಬೆರಗುಗೊಳಿಸಿದವರು. ಆಮೇಲೆ ಬರೆದಿದ್ದು ತೀರಾ ಕಡಿಮೆ. 1907ರಿಂದ 1911ರ ನಡುವೆ ಜಿನೀವಾದಲ್ಲಿ ಸಾಮಾನ್ಯ ಭಾಷಾಶಾಸ್ತ್ರದ ಮೇಲೆ ಮೂರು ಸಲ ಪಾಠ ಮಾಡಿದರು. ಕೇಳಿದ್ದು ಕೆಲವೇ ಹುಡುಗರು. 1913ರಲ್ಲಿ ತೀರಿಕೊಂಡರು. ಅವರ ಮೇಜಿನಲ್ಲಿ ಹುಡುಕಿದರೆ ಪಾಠದ ಟಿಪ್ಪಣಿ ಹೆಚ್ಚೇನೂ ಸಿಗಲಿಲ್ಲ. ಬರೆದಿದ್ದನ್ನು ಅವರೇ ಹರಿದು ಹಾಕುತ್ತಿದ್ದರಂತೆ. ಕೊನೆಗೆ ವಿದ್ಯಾರ್ಥಿಗಳ ನೋಟ್ ಪುಸ್ತಕಗಳನ್ನು ಕೂಡಿಸಿ, ಹೋಲಿಸಿ, ಇಬ್ಬರು ಸಹೋದ್ಯೋಗಿಗಳು 1916ರಲ್ಲಿ ಪುಸ್ತಕ ಮಾಡಿದರು. ಆ ಇಬ್ಬರೂ ಆ ತರಗತಿಗಳಲ್ಲಿ ಕೂತವರಲ್ಲ. ಇಪ್ಪತ್ತನೇ ಶತಮಾನದ ಭಾಷಾಶಾಸ್ತ್ರ ಬಹುಮಟ್ಟಿಗೆ ಅಲ್ಲಿಂದಲೇ ಬೆಳೆಯಿತು. ಇಲ್ಲಿ ಕೂತಿರುವ ವಿದ್ಯಾರ್ಥಿಗಳೇ, ನೋಟ್ಸ್ ಸರಿಯಾಗಿ ಬರೆದುಕೊಳ್ಳಿ. ಯಾವಾಗ ಬೇಕಾಗುತ್ತದೋ ಹೇಳಲಾಗದು.

ಹಾಗಂತ ಬರೆಯದೆ ಕೂತವರೆಲ್ಲ ಕಾಂಟ್, ಸೊಸ್ಯೂರ್ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಕಾಲ ಕಳೆಯುವವರೂ ಇರುತ್ತಾರೆ, ಎಲ್ಲ ಕಡೆ ಇರುತ್ತಾರೆ. ಯಾರು ಯೋಚನೆ ಮಾಡುತ್ತಿದ್ದಾರೆ, ಯಾರು ನಿದ್ದೆ ಮಾಡುತ್ತಿದ್ದಾರೆ ಅನ್ನುವುದನ್ನು ಹಾಳೆ ಎಣಿಸಿ ಕಂಡುಹಿಡಿಯುವುದಕ್ಕೆ ಆಗುವುದಿಲ್ಲ ಅನ್ನುವುದಷ್ಟೇ ನನ್ನ ಮಾತು. 2005ರಲ್ಲಿ ಹೋರ್ಹೆ ಹಿರ್ಶ್ ಅನ್ನುವ ಭೌತಶಾಸ್ತ್ರಜ್ಞರು ಎಚ್-ಇಂಡೆಕ್ಸ್ ಅನ್ನುವ ಅಳತೆ ಸೂಚಿಸಿದರು. ನಿಮ್ಮ ಹತ್ತು ಲೇಖನಗಳನ್ನು ತಲಾ ಹತ್ತು ಸಲವಾದರೂ ಬೇರೆಯವರು ಉಲ್ಲೇಖಿಸಿದ್ದರೆ ನಿಮ್ಮ ಅಂಕ ಹತ್ತು. ಭೌತಶಾಸ್ತ್ರದಲ್ಲಿ ಅದಕ್ಕೆ ಒಂದು ಅರ್ಥ ಇರಬಹುದು. ಅಲ್ಲಿ ಒಂದೇ ಪ್ರಶ್ನೆ ಮೇಲೆ ನೂರಾರು ಜನ ಒಟ್ಟಿಗೆ ಕೆಲಸ ಮಾಡುತ್ತಾರೆ, ಫಲಿತಾಂಶ ಬೇಗ ಓಡಾಡುತ್ತದೆ. ಒಂದು ಹಳೆಯ ಭಾಷೆಯ ಶಾಸನಗಳನ್ನು ಓದಬಲ್ಲವರು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು ಇದ್ದರೆ ಅವರನ್ನು ಉಲ್ಲೇಖಿಸುವವರು ಯಾರು? ಅವರೇ ಒಬ್ಬರನ್ನೊಬ್ಬರು!

ಇಂಥ ಕೆಲಸಕ್ಕೆ ಹಿಡಿಯುವ ಹೊತ್ತು ಎಲ್ಲಿ ಹೋಗುತ್ತದೆ ಅಂತ ಈಗ ನೋಡೋಣ. ಇದನ್ನು ಹೇಳುವುದಕ್ಕೆ ನನಗೆ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಭಾರತೀಯ ಸಮಾಜಶಾಸ್ತ್ರಕ್ಕೆ ಅಂತ ಹೊಸ ಹುದ್ದೆ ಮಾಡಿ ಅವರನ್ನು ಆರಿಸಿತು. ಹುದ್ದೆ ಆಕ್ಸ್‌ಫರ್ಡ್‌ನಲ್ಲಿ. ಆದರೆ ಮೊದಲ ವರ್ಷ ಪಾಠ ಬೇಡ, ಹೋಗಿ ಕ್ಷೇತ್ರಕಾರ್ಯ ಮಾಡಿ ಬನ್ನಿ ಅಂತ ಬಿಟ್ಟರು. ಅಲ್ಲಿಯ ಮಾನವಶಾಸ್ತ್ರದ ಪ್ರಾಧ್ಯಾಪಕ ಇವಾನ್ಸ್-ಪ್ರಿಚರ್ಡ್ ಇದರ ಹಿಂದೆ ಇದ್ದರು. ಹೊಸಬನಿಗೆ ಮೊದಲ ವರ್ಷವೇ ರಜೆಯಾ ಅಂತ ಯಾರೂ ಗೊಣಗಲಿಲ್ಲ, ಅಥವಾ ಗೊಣಗಿದರೂ ಕೇಳಿಸಿಕೊಳ್ಳಲಿಲ್ಲ.

1948ರಲ್ಲಿ ಶ್ರೀನಿವಾಸರು ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ಉಳಿದರು. ಬರಹದಲ್ಲಿ ಅದಕ್ಕೆ ರಾಮಪುರ ಅಂತ ಹೆಸರಿಟ್ಟರು. ಊರಿನ ಪಟೇಲರು ಎತ್ತುಗಳನ್ನು ಕಟ್ಟುವ ಮನೆಯಲ್ಲಿ ಅವರಿಗೆ ಜಾಗ ಕೊಟ್ಟರು. ಅಲ್ಲಿ ಕೂತೇ ಬರೆಯುವುದು, ಅಲ್ಲೇ ಬಂದವರ ಜೊತೆ ಮಾತು. ಇವರು ಪ್ರಶ್ನೆ ಕೇಳುವುದು ಇರಲಿ, ಊರಿನವರೇ ಇವರನ್ನು ಪ್ರಶ್ನೆ ಕೇಳುತ್ತಿದ್ದರು. ಇಷ್ಟು ಓದಿದವನು ಕೆಲಸ ಬಿಟ್ಟು ಇಲ್ಲಿ ಯಾಕೆ ಕೂತಿದ್ದಾನೆ ಅನ್ನುವುದು ಅವರಿಗೆ ದೊಡ್ಡ ಸೋಜಿಗ. ಹಳ್ಳಿಯಲ್ಲಿ ಇರುವುದೇ ಇಲ್ಲಿ ವಿಧಾನ. ಯಾರ ಮನೆಗೆ ಯಾರು ಹೋಗುತ್ತಾರೆ, ಜಗಳ ಆದಾಗ ಯಾರು ಯಾರ ಪಕ್ಕ ನಿಲ್ಲುತ್ತಾರೆ, ಕಷ್ಟಕ್ಕೆ ಸಾಲ ಯಾರ ಹತ್ತಿರ ಕೇಳುತ್ತಾರೆ. ಪ್ರಶ್ನಾವಳಿ ಹಂಚಿದರೆ ಇದೆಲ್ಲ ಬರುವುದಿಲ್ಲ. ಜಾತಿ ಅಂದರೆ ನಾಲ್ಕು ಮೆಟ್ಟಿಲಿನ ಏಣಿ ಅಂತ ಗ್ರಂಥ ನೋಡಿ ಹೇಳಬಹುದು. ಊರಿನಲ್ಲಿ ಕೂತು ನೋಡಿದರೆ ಮೆಟ್ಟಿಲುಗಳೇ ಅಲ್ಲಾಡುತ್ತಿರುತ್ತವೆ. ಭೂಮಿ ಯಾರ ಕೈಯಲ್ಲಿದೆ, ಯಾರ ಕಡೆ ಜನ ಜಾಸ್ತಿ ಅನ್ನುವುದರ ಮೇಲೆ ಯಾರ ಮಾತು ನಡೆಯುತ್ತದೆ ಅನ್ನುವುದು ನಿಂತಿರುತ್ತದೆ. ಪ್ರಬಲ ಜಾತಿ ಅಂತ ಇವತ್ತು ಪತ್ರಿಕೆಗಳಲ್ಲಿ, ಚುನಾವಣೆ ಚರ್ಚೆಗಳಲ್ಲಿ ಸಲೀಸಾಗಿ ಬಳಸುತ್ತೇವಲ್ಲ, ಆ ಕಲ್ಪನೆಯನ್ನು ಸಮಾಜಶಾಸ್ತ್ರಕ್ಕೆ ತಂದವರು ಶ್ರೀನಿವಾಸರೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಳ್ಳಿಯ ಟಿಪ್ಪಣಿಗಳನ್ನು ವರ್ಷಗಟ್ಟಲೆ ವಿಂಗಡಿಸಿ ಮೂರು ಪ್ರತಿ ಮಾಡಿಟ್ಟಿದ್ದರು. 1970ರಲ್ಲಿ ಪುಸ್ತಕ ಬರೆಯೋಣ ಅಂತ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಸಂಶೋಧನಾ ಕೇಂದ್ರಕ್ಕೆ ಹೋದಾಗ ಮೂರೂ ಪ್ರತಿ ಜೊತೆಯಲ್ಲೇ ಇದ್ದವು. ಏಪ್ರಿಲ್ 24ರಂದು ಆ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ಮೂರೂ ಸುಟ್ಟುಹೋದವು. ನೆನಪಿನಿಂದಲೇ ಬರೆದುಬಿಡಿ ಅಂತ ಸೋಲ್ ಟ್ಯಾಕ್ಸ್ ಅನ್ನುವ ಮಾನವಶಾಸ್ತ್ರಜ್ಞರು ಸಲಹೆ ಕೊಟ್ಟರು. ಶ್ರೀನಿವಾಸರು ಹಾಗೇ ಮಾಡಿದರು. 1976ರಲ್ಲಿ ಪುಸ್ತಕ ಬಂತು. ಪಟೇಲರ ಮುಖ, ಅವರು ಕೂರುವ ಭಂಗಿ, ಊರಿನವರ ಕೊಂಕು, ನಗು ಎಲ್ಲ ಅದರಲ್ಲಿ ಇದೆ. ಕೋಷ್ಟಕಗಳು ಸುಟ್ಟುಹೋಗಿದ್ದರಿಂದ ಮನುಷ್ಯರು ಉಳಿದರು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಹುದ್ದೆಗೆ ಸೇರಿದ ಮೊದಲ ವರ್ಷಕ್ಕೂ ಈ ಪುಸ್ತಕಕ್ಕೂ ನಡುವೆ 28 ವರ್ಷ. ಅವತ್ತು ಆಕ್ಸ್‌ಫರ್ಡ್ ಕೊಟ್ಟ ಒಂದು ವರ್ಷದ ಬಡ್ಡಿಯನ್ನು ನಾವು ಇನ್ನೂ ತಿನ್ನುತ್ತಿದ್ದೇವೆ.

ಎಲ್ಲ ಕೆಲಸವೂ ಇಷ್ಟು ನಿಧಾನ ಅಂತೇನಿಲ್ಲ. ವಿಲಿಯಂ ಲಬೋವ್ ಅನ್ನುವ ಭಾಷಾಶಾಸ್ತ್ರಜ್ಞರು 1962ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ನ್ಯೂಯಾರ್ಕಿನಲ್ಲಿ ಒಂದು ಚುರುಕಾದ ಪ್ರಯೋಗ ಮಾಡಿದರು. ಮೂರು ದೊಡ್ಡ ಮಳಿಗೆಗಳು: ಒಂದು ದುಬಾರಿ, ಒಂದು ನಡುವಿನದು, ಒಂದು ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿ ಏನು ಸಿಗುತ್ತದೆ ಅಂತ ಮೊದಲೇ ತಿಳಿದುಕೊಂಡು, ಕೆಳಗಿನ ಮಹಡಿಯ ಕೆಲಸಗಾರರನ್ನು ಅದು ಎಲ್ಲಿ ಅಂತ ಕೇಳುವುದು. ಅವರು 'ಫೋರ್ತ್ ಫ್ಲೋರ್' ಅನ್ನುತ್ತಾರೆ. ಕೇಳಿಸಲಿಲ್ಲ ಅನ್ನುವಂತೆ ಮುಖ ಮುಂದೆ ಮಾಡಿದರೆ ಇನ್ನೊಂದು ಸಲ, ಸ್ವಲ್ಪ ಒತ್ತಿ ಹೇಳುತ್ತಾರೆ. ಮರೆಗೆ ಹೋಗಿ ಆ ಎರಡು ಪದಗಳಲ್ಲಿ 'ರ್' ಕೇಳಿಸಿತಾ ಇಲ್ಲವಾ ಅಂತ ಗುರುತು ಮಾಡಿಕೊಳ್ಳುವುದು. ಹೀಗೆ 264 ಜನ. ಮಳಿಗೆ ದುಬಾರಿಯಾದಷ್ಟೂ 'ರ್' ಜಾಸ್ತಿ. ಎರಡನೇ ಸಲ ಹುಷಾರಾಗಿ ಹೇಳುವಾಗ ಅದು ಇನ್ನೂ ಜಾಸ್ತಿ. ಒಂದು ಅಕ್ಷರದ ಉಚ್ಚಾರದಲ್ಲಿ ಇಡೀ ಊರಿನ ಅಂತಸ್ತು ಕೂತಿದೆ ಅಂತ ಒಂದೇ ಒಂದು ಪ್ರಶ್ನೆಯಿಂದ ತೋರಿಸಿದರು. ಕೇಳುವುದು ಸುಲಭ. ಏನನ್ನು ಕೇಳಬೇಕು ಅಂತ ಹೊಳೆಯಬೇಕಲ್ಲ!

ಸಾಹಿತ್ಯ ವಿಭಾಗದವರು ಕೋಣೆಯಲ್ಲಿ ಕೂತು ಪುಸ್ತಕ ಓದುತ್ತಾರೆ ಅಷ್ಟೇ ಅಂತ ಅಂದುಕೊಂಡವರಿಗೆ ಮಿಲ್ಮನ್ ಪ್ಯಾರಿ ಬಗ್ಗೆ ಹೇಳಬೇಕು. ಹಾರ್ವರ್ಡ್‌ನಲ್ಲಿ ಗ್ರೀಕ್ ಮೇಷ್ಟ್ರು. ಪ್ರಾಚೀನ ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ಅದೇ ಮಾತುಗಳು ಮತ್ತೆ ಮತ್ತೆ ಬರುತ್ತವಲ್ಲ, ಅದು ಬರೆದ ಕವಿಯ ರೀತಿಯಲ್ಲ, ಹಾಡುತ್ತಾ ಕಟ್ಟುವ ಕವಿಯ ರೀತಿ ಅನ್ನುವುದು ಅವರ ಅನುಮಾನ. ಅದನ್ನು ಪರೀಕ್ಷೆ ಮಾಡುವುದು ಹೇಗೆ? ಹೋಮರ್ ಸತ್ತು ಎಷ್ಟೋ ಕಾಲವಾಯಿತು. 1933ರಿಂದ 1935ರ ನಡುವೆ ಯುಗೊಸ್ಲಾವಿಯಾಕ್ಕೆ ಹೋಗಿ, ಬದುಕಿರುವ ಹಾಡುಗಾರರ ಹಾಡುಗಳನ್ನು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ರೆಕಾರ್ಡ್ ಮಾಡಿದರು. ಅವ್ದೋ ಮೆದೆದೊವಿಚ್ ಅನ್ನುವ, ಓದು ಬರಹ ಗೊತ್ತಿಲ್ಲದ ಹಾಡುಗಾರ ಒಂದೇ ಕಥೆಯನ್ನು 12,000ಕ್ಕೂ ಜಾಸ್ತಿ ಸಾಲುಗಳಲ್ಲಿ ಹೇಳಿ ಬರೆಸಿದರು. ಬರವಣಿಗೆ ಇಲ್ಲದೆ ಅಷ್ಟು ಉದ್ದದ ಕಾವ್ಯ ಸಾಧ್ಯವೇ ಇಲ್ಲ ಅನ್ನುತ್ತಿದ್ದವರ ಬಾಯಿ ಕಟ್ಟಿತು. ಪ್ಯಾರಿ 1935ರ ಕೊನೆಗೇ ತೀರಿಕೊಂಡರು, 33ನೇ ವಯಸ್ಸಿಗೆ. ಕೆಲಸವನ್ನು ಮುಂದುವರಿಸಿದವರು ಅವರ ಜೊತೆಗೆ ಹೋಗಿದ್ದ ವಿದ್ಯಾರ್ಥಿ ಆಲ್ಬರ್ಟ್ ಲಾರ್ಡ್.

ಇತಿಹಾಸದವರ ಬಗ್ಗೆ ಒಂದೇ ಮಾತು. ದಾಖಲೆ ಇದೆ ಅಂದ ಕೂಡಲೇ ಅವರು ನಂಬುವುದಿಲ್ಲ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ನಾಲ್ಕನೇ ಶತಮಾನದಲ್ಲಿ ತನ್ನ ಪಶ್ಚಿಮದ ಸಾಮ್ರಾಜ್ಯವನ್ನೇ ಪೋಪ್‌ಗೆ ಬರೆದುಕೊಟ್ಟ ಅನ್ನುವ ಒಂದು ದಾನಪತ್ರ ಇತ್ತು. ಇಟಲಿಯ ವಿದ್ವಾಂಸ ಲೊರೆಂಜೊ ವಾಲ್ಲಾ 1440ರಲ್ಲಿ ಅದನ್ನು ಸಾಲು ಸಾಲಾಗಿ ಓದಿ ಇದು ಸುಳ್ಳು ಪತ್ರ ಅಂತ ತೋರಿಸಿದರು. ರೋಮಿನ ಅಧಿಕಾರಿಗಳ ನಡುವೆ ಸತ್ರಪರು, ಅಂದರೆ ಪರ್ಷಿಯಾದ ಪ್ರಾಂತಾಧಿಕಾರಿಗಳು, ಎಲ್ಲಿಂದ ಬಂದರು? ಇನ್ನೂ ಕಟ್ಟಿಯೇ ಇರದ ಕಾನ್‌ಸ್ಟಾಂಟಿನೋಪಲ್‌ಗೆ ಆಗಲೇ ಧರ್ಮಪೀಠದ ಪಟ್ಟ ಹೇಗೆ ಬಂತು? ಆ ಕಾಲದ ಲ್ಯಾಟಿನ್ ಹೀಗಿತ್ತಾ? ಇದೇ ವಾಲ್ಲಾ ಅದಕ್ಕೂ ಮುಂಚೆ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಹೊಸ ಮೇಷ್ಟ್ರಾಗಿದ್ದಾಗ ಕಾನೂನು ವಿಭಾಗದವರ ಲ್ಯಾಟಿನ್ ಕೆಟ್ಟದು ಅಂತ ಬರೆದು ಊರನ್ನೇ ಬಿಡಬೇಕಾಗಿ ಬಂತು. ನಮ್ಮ ಹೊಸಬರು ಸದ್ಯಕ್ಕೆ ಕಾನೂನು ವಿಭಾಗದ ತಂಟೆಗೆ ಹೋಗದಿದ್ದರೆ ಒಳ್ಳೆಯದು.

ಹಾಗೇ ಲೆಕ್ಕದ ಪುಸ್ತಕವನ್ನೂ ನಂಬಬಾರದು. ಅರ್ಥಶಾಸ್ತ್ರದ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ನೊಬೆಲ್ ಬಂತು. ಅಮೆರಿಕದ 200 ವರ್ಷಗಳ ಅಂಕಿ ಅಂಶಗಳನ್ನು ಅವರು ಕೆದಕಿದರು. ಹಳೆಯ ಜನಗಣತಿಯಲ್ಲಿ ಮದುವೆಯಾದ ಹೆಣ್ಣುಮಕ್ಕಳ ಉದ್ಯೋಗದ ಕಾಲಂನಲ್ಲಿ 'ಹೆಂಡತಿ' ಅಂತ ಬರೆದು ಮುಗಿಸಿದ್ದರು. ಅವರು ಹೊಲದಲ್ಲಿ ದುಡಿಯುತ್ತಿದ್ದರು, ಮನೆಯ ವ್ಯಾಪಾರ ನೋಡುತ್ತಿದ್ದರು, ಮನೆಯಲ್ಲೇ ಕೂತು ನೇಯುತ್ತಿದ್ದರು. ಲೆಕ್ಕಕ್ಕೆ ಮಾತ್ರ ಬರಲಿಲ್ಲ. ಬೇರೆ ದಾಖಲೆಗಳನ್ನು ಹುಡುಕಿ ಗೋಲ್ಡಿನ್ ಆ ಲೆಕ್ಕ ಸರಿ ಮಾಡಿದಾಗ ಚಿತ್ರವೇ ಬದಲಾಯಿತು. ಹೆಂಗಸರ ದುಡಿಮೆ ಕಾಲದ ಜೊತೆ ಒಂದೇ ಸಮ ಏರುತ್ತಾ ಬಂತು ಅನ್ನುವುದು ತಪ್ಪು. ಕಾರ್ಖಾನೆಗಳ ಕಾಲ ಬಂದಾಗ ಮದುವೆಯಾದವರ ದುಡಿಮೆ ಇಳಿದು, ಆಮೇಲೆ ಮತ್ತೆ ಏರಿತು.

ಕೊನೆಯದಾಗಿ ರಾಜ್ಯಶಾಸ್ತ್ರದ ಎಲಿನಾರ್ ಆಸ್ಟ್ರಂ. ನನಗೆ ತುಂಬಾ ಇಷ್ಟವಾದ ಕಥೆ. ಚಿಕ್ಕಂದಿನಲ್ಲಿ ಹುಡುಗಿಗೆ ಗಣಿತ ಯಾಕೆ ಅಂತ ತಡೆದಿದ್ದರಿಂದ ಅರ್ಥಶಾಸ್ತ್ರದ ಪಿಎಚ್‌ಡಿಗೆ ಸೀಟು ಸಿಗಲಿಲ್ಲ. ರಾಜ್ಯಶಾಸ್ತ್ರಕ್ಕೆ ಸೇರಿದರು. ಲಾಸ್ ಏಂಜಲೀಸ್ ಸುತ್ತಮುತ್ತ ಎಲ್ಲರೂ ಬೋರ್‌ವೆಲ್ ಹಾಕಿ ನೀರು ಎತ್ತಿ, ಅಂತರ್ಜಲಕ್ಕೆ ಸಮುದ್ರದ ಉಪ್ಪು ನೀರು ನುಗ್ಗುತ್ತಿತ್ತು. ಅಲ್ಲಿಯ ಜನ ತಾವೇ ಕೂತು ಅದಕ್ಕೆ ಹೇಗೆ ದಾರಿ ಮಾಡಿಕೊಂಡರು ಅನ್ನುವುದು ಅವರ ಪಿಎಚ್‌ಡಿ ವಿಷಯ. 1965ರಲ್ಲಿ ಅವರ ಗಂಡನಿಗೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಇವರಿಗೆ ಜೊತೆಗೆ ಬಂದವರು ಅನ್ನುವ ಸ್ಥಾನ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳೂವರೆಗೆ ಮೊದಲ ವರ್ಷದವರಿಗೆ ಅಮೆರಿಕ ಸರ್ಕಾರದ ಬಗ್ಗೆ ಪಾಠ ಮಾಡುವವರು ಬೇಕಾಗಿತ್ತು. ಇನ್ಯಾರು ಆ ಹೊತ್ತಿಗೆ ಬರುತ್ತಾರೆ? ಇವರಿಗೆ ಕೊಟ್ಟರು.

ಅಲ್ಲಿಂದ ಶುರುವಾಯಿತು. ಆಗಿನ ಅರ್ಥಶಾಸ್ತ್ರಜ್ಞರದ್ದು ಹೆಚ್ಚುಕಡಿಮೆ ಒಂದೇ ಮಾತು: ಗೋಮಾಳ, ಕಾಡು, ಕೆರೆ ನೀರು ಇಂಥ ಎಲ್ಲರ ಆಸ್ತಿಯನ್ನು ಜನರಿಗೆ ಬಿಟ್ಟರೆ ಹಾಳು ಮಾಡುತ್ತಾರೆ, ಒಂದೋ ಸರ್ಕಾರ ಹಿಡಿಯಬೇಕು, ಇಲ್ಲ ಖಾಸಗಿಯವರಿಗೆ ಕೊಡಬೇಕು. ಆಸ್ಟ್ರಂ ಪ್ರಪಂಚದ ಬೇರೆ ಬೇರೆ ಕಡೆಯ ಉದಾಹರಣೆಗಳನ್ನು ಕಲೆ ಹಾಕಿದರು. ಸ್ವಿಟ್ಜರ್‌ಲೆಂಡಿನ ಟೋರ್ಬೆಲ್ ಅನ್ನುವ ಹಳ್ಳಿಯಲ್ಲಿ 1517ರ ಒಂದು ಕಟ್ಟಳೆ ಇದೆ. ಚಳಿಗಾಲದಲ್ಲಿ ನಿನ್ನ ಮನೆಯ ಮೇವಿನಿಂದ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಬಿಡಬಹುದು. ಅಷ್ಟೇ. ಒಂದು ಸಾಲಿನ ನಿಯಮದಿಂದ ಹುಲ್ಲುಗಾವಲು ಶತಮಾನಗಟ್ಟಲೆ ಉಳಿಯಿತು. ಈ ಹಳ್ಳಿಯ ವಿವರ ಆಸ್ಟ್ರಂಗೆ ಸಿಕ್ಕಿದ್ದು ಅಲ್ಲಿ ಹೋಗಿ ಉಳಿದು ಬರೆದ ರಾಬರ್ಟ್ ನೆಟ್ಟಿಂಗ್ ಅನ್ನುವ ಮಾನವಶಾಸ್ತ್ರಜ್ಞರಿಂದ. ಒಬ್ಬರು ಎಲ್ಲೋ ಕೂತು ಮಾಡಿದ ಕೆಲಸ ಇನ್ನೊಂದು ವಿಭಾಗದವರಿಗೆ ಹೀಗೆ ಒದಗುತ್ತದೆ. ಸ್ಪೇನಿನ ನೀರಾವರಿ ಕಾಲುವೆ, ಜಪಾನಿನ ಹಳ್ಳಿಗಳ ಕಾಡು, ಫಿಲಿಪ್ಪೀನ್ಸ್ ರೈತರ ಕಾಲುವೆ ಸಂಘ ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು, ಎಲ್ಲಿ ಉಳಿಯಿತು, ಎಲ್ಲಿ ಹಾಳಾಯಿತು, ಯಾಕೆ ಅಂತ ನೋಡಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಸೀಟು ಕೊಡದ ಅದೇ ಅರ್ಥಶಾಸ್ತ್ರದಲ್ಲಿ!

ಈಗ ಇಲ್ಲಿಗೆ ಬರೋಣ. ಆಡಳಿತದವರು ಮುಂದಿನ ಸಾಲಿನಲ್ಲೇ ಇದ್ದಾರೆ, ಅವರಿಗೆ ಒಂದು ವಿನಂತಿ. ಹೊಸದಾಗಿ ಬಂದವರಿಗೆ ಎಲ್ಲ ಕಡೆ ಒಂದೇ ಸ್ವಾಗತ: ಯಾರಿಗೂ ಬೇಡವಾದ ಪೇಪರ್, ಯಾರಿಗೂ ಬೇಡವಾದ ಪೀರಿಯಡ್, ಟೈಮ್‌ಟೇಬಲ್ ಸಮಿತಿ, ವರದಿ ಸಮಿತಿ, ಪರೀಕ್ಷೆಯ ಓಡಾಟ. ವಯಸ್ಸಿದೆ, ಮಾಡಲಿ ಬಿಡಿ ಅನ್ನುತ್ತೇವೆ. ಹೊಸ ಪಾಠಗಳನ್ನು ತಯಾರು ಮಾಡುವುದಕ್ಕೇ ಮೊದಲ ವರ್ಷ ಹಗಲು ರಾತ್ರಿ ಸಾಲುವುದಿಲ್ಲ. ಪಾಠ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಸೊಸ್ಯೂರ್ ಕೆಲಸವೆಲ್ಲ ಪಾಠದಲ್ಲೇ ಆಯಿತು. ಆದರೆ ಮೊದಲ ಎರಡು ವರ್ಷ ಸಮಿತಿಗಳಿಂದ ಇವರನ್ನು ದೂರ ಇಡಿ. ಅದಕ್ಕೆ ದುಡ್ಡೂ ಖರ್ಚಾಗುವುದಿಲ್ಲ. ನಮ್ಮಂಥ ಹಳಬರು ಆ ಕೆಲಸ ಮಾಡಬಹುದು, ನಮಗೆ ಅಭ್ಯಾಸವಾಗಿದೆ.

ಪ್ರಯೋಗಾಲಯಕ್ಕೆ ಯಂತ್ರ ಬೇಕು ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಇವರಿಗೆ ಬೇಕಾದದ್ದು ಪುಸ್ತಕ, ಹಳೆಯ ಕಡತಗಳು ಇರುವ ಊರಿಗೆ ಹೋಗಿಬರುವ ಖರ್ಚು, ಒಂದು ಹೊಸ ಭಾಷೆ ಕಲಿಯುವ ಅವಕಾಶ. ಬಿಲ್ಲಿನಲ್ಲಿ ಇದು ಯಂತ್ರದ ಹಾಗೆ ಕಾಣುವುದಿಲ್ಲ, ಹಾಗಾಗಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ದಯವಿಟ್ಟು ಸ್ವಲ್ಪ ನೋಡಿ.

ವಿದ್ಯಾರ್ಥಿಗಳೇ, ಇವರ ಕೋಣೆ ಬಾಗಿಲು ತಟ್ಟುವುದಕ್ಕೆ ಹಿಂಜರಿಯಬೇಡಿ. ಪರೀಕ್ಷೆಗೆ ಯಾವುದು ಬರುತ್ತದೆ ಅಂತ ಕೇಳುವುದಕ್ಕೆ ಹೋಗಬೇಡಿ. ನೀವು ಈಗ ಏನನ್ನು ಹುಡುಕುತ್ತಿದ್ದೀರಿ ಅಂತ ಕೇಳಿ. ಯಾವುದು ಇನ್ನೂ ಬಗೆಹರಿದಿಲ್ಲ ಅಂತ ಕೇಳಿ. ಒಬ್ಬ ಮೇಷ್ಟ್ರು ತಮಗೆ ಗೊತ್ತಿಲ್ಲದ್ದರ ಬಗ್ಗೆ ಮಾತಾಡುವಾಗಲೇ ನಿಮಗೆ ಆ ವಿಷಯದ ರುಚಿ ಹತ್ತುವುದು. ಇದರಿಂದ ಏನು ಉಪಯೋಗ ಅಂತಲೂ ಕೇಳಬಹುದು, ತಪ್ಪಿಲ್ಲ. ಆದರೆ ಮೊದಲ ಪ್ರಶ್ನೆಯೇ ಅದಾಗದಿರಲಿ. ಬೋರ್‌ವೆಲ್ ಬಗ್ಗೆ ಬರೆಯುತ್ತಿದ್ದ ಆಸ್ಟ್ರಂಗೆ 1965ರಲ್ಲಿ ಯಾರಾದರೂ ಹಾಗೆ ಕೇಳಿದ್ದರೆ ಅವರ ಹತ್ತಿರ ಚಿಕ್ಕ ಉತ್ತರ ಇರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಹೊಸಬರಿಗೂ ಒಂದು ಮಾತು. ನಿಮ್ಮ ಪ್ರಶ್ನೆಯನ್ನು ನಿಮ್ಮ ವಿಭಾಗದ ಹೊರಗಿನವರಿಗೆ ತಿಳಿಯುವಂತೆ ಹೇಳುವುದನ್ನು ರೂಢಿ ಮಾಡಿಕೊಳ್ಳಿ. ಕಷ್ಟದ ಪದಗಳು ಬೇಕಾದಲ್ಲಿ ಇರಲಿ. ಸುಮ್ನೆ ಇರುವುದು ಬೇಡ.

ನನ್ನ ಪರಿಚಯ ಮುಗಿಯಿತು. ಒಬ್ಬರ ಹೆಸರನ್ನೂ ಹೇಳಲಿಲ್ಲ ಅಂತ ಸಂಘಟಕರು ನನ್ನ ಕಡೆ ನೋಡುತ್ತಿದ್ದಾರೆ. ಹೆಸರನ್ನು ಅವರೇ ಹೇಳಿಕೊಳ್ಳಲಿ. ಒಬ್ಬೊಬ್ಬರಿಗೂ ಐದು ನಿಮಿಷ. ನಿಯಮ ಒಂದೇ: ಡಿಗ್ರಿ ಹೇಳಬಾರದು, ಈಗ ತಲೆ ಕೊರೆಯುತ್ತಿರುವ ಪ್ರಶ್ನೆ ಯಾವುದು ಅಂತ ಹೇಳಬೇಕು. ಇತಿಹಾಸದವರಿಂದ ಶುರು ಮಾಡೋಣ. ಬನ್ನಿ ಮೇಡಂ, ಮೈಕ್ ಸ್ವಲ್ಪ ಕೆಳಗೆ ಮಾಡಿಕೊಳ್ಳಿ.